ನೆರಳಿನ ಮೂಲೆಗೆ ಕಾಡಿನ ಕರ್ಣಕುಂಡಲ

ಆಶ್ಲೇಷಾ ಮಳೆ ಹೊಯ್ಯುವ ದಿನಗಳಲ್ಲಿ ಆಗುಂಬೆ ಘಾಟಿಯನ್ನೋ ಚಾರ್ಮಾಡಿಯನ್ನೋ ಇಳಿದವರು ರಸ್ತೆ ಪಕ್ಕದ ಧರೆಯ ಮೇಲೆ ಗುಲಾಬಿ, ನೇರಳೆ, ಬಿಳಿ ಬಣ್ಣದ ಸಣ್ಣ ಹೂಗಳ ಸಾಲನ್ನು ಕಂಡಿರುತ್ತಾರೆ. ಮಣ್ಣು ಕಡಿದ ಜಾಗ, ನೀರು ಒಸರುವ ಕಲ್ಲಿನ ಸಂದಿ, ಮರದ ನೆರಳು ಬಿದ್ದು ಪಾಚಿ ಹಿಡಿದ ಗೋಡೆ, ಇಂಥಲ್ಲೇ ಅವು ಗುಂಪಾಗಿ ನಿಂತಿರುತ್ತವೆ. ಕಾಂಡ ನೀರು ತುಂಬಿಕೊಂಡು ಅರೆಪಾರದರ್ಶಕ, ಮುಟ್ಟಿದರೆ ಮುರಿಯುವಷ್ಟು ಎಳಸು. ಜನವರಿಯಲ್ಲಿ ಅದೇ ದಾರಿಯಲ್ಲಿ ಹೋದರೆ ಒಣ ಧರೆ ಮಾತ್ರ ಇರುತ್ತದೆ, ಗಿಡ ಇದ್ದ ಗುರುತೂ ಸಿಗುವುದಿಲ್ಲ.

ಇವು ಕರ್ಣಕುಂಡಲದ ಬಳಗದವು. ಹಳ್ಳಿಗಳಲ್ಲಿ ಗೌರಿ ಹೂ ಎಂದರೂ ಸರಿ, ಏಕೆಂದರೆ ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಬೇಲಿ ಬುಡದಲ್ಲಿ ಬೇಕಾದಷ್ಟು ಸಿಗುವ ಹೂ ಇದೇ. (ಕೆಲವು ಕಡೆ ಅಗ್ನಿಶಿಖೆಗೂ ಗೌರಿ ಹೂ ಎನ್ನುತ್ತಾರೆ, ಅದು ಬೇರೆ, ವಿಷದ ಗೆಡ್ಡೆಯ ಬಳ್ಳಿ.) ಘಟ್ಟದ ಆಚೆ ಕೇರಳದಲ್ಲೂ ಇದು ಹಬ್ಬದ ಹೂವೇ. ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಹೊರಬಂದ ಹನ್ನೆರಡು ಸಂಪುಟಗಳ ‘ಹೊರ್ಟುಸ್ ಮಲಬಾರಿಕಸ್’ನಲ್ಲಿ ಈ ಬಳಗದ ಗಿಡಗಳು ಓಣಪ್ಪೂ ಎಂಬ ಹೆಸರಿನಲ್ಲೇ ದಾಖಲಾಗಿವೆ. ಸಸ್ಯಶಾಸ್ತ್ರದಲ್ಲಿ ಈ ಕುಲಕ್ಕೆ ಇಂಪೇಷನ್ಸ್ ಎಂದು ಹೆಸರು. ಪ್ರಪಂಚದಲ್ಲಿ ಇದರ ಪ್ರಭೇದಗಳು ಸಾವಿರ ದಾಟುತ್ತವೆ. ನಮ್ಮ ಪಶ್ಚಿಮಘಟ್ಟ ಸಾಲಿನಲ್ಲೇ ನೂರಕ್ಕೂ ಹೆಚ್ಚಿವೆ, ಅವುಗಳಲ್ಲಿ ಬಹುಪಾಲು ಇಲ್ಲಿ ಬಿಟ್ಟರೆ ಬೇರೆಲ್ಲೂ ಬೆಳೆಯುವುದಿಲ್ಲ.

ಇಷ್ಟು ದೊಡ್ಡ ಸಂಪತ್ತನ್ನು ಕಣ್ಣೆದುರು ಇಟ್ಟುಕೊಂಡು ನಾವು ‘ಮನೆಯ ಪಕ್ಕ ನೆರಳು, ಏನೂ ಹೂ ಬಿಡುವುದಿಲ್ಲ’ ಎಂದು ಕೊರಗುತ್ತೇವೆ. ಬೆಂಗಳೂರಿನ ಸೈಟುಗಳಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಉಳಿಯುವ ನಾಲ್ಕಡಿ ಜಾಗ, ಹೊಂಗೆಯ ಮರದ ಬುಡ, ಮಲೆನಾಡಿನ ಮನೆಯ ಹಿತ್ತಲು, ಎಲ್ಲಕ್ಕೂ ಇದೇ ದೂರು. ನರ್ಸರಿಗೆ ಹೋಗಿ ಕೇಳಿದರೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ತೋರಿಸುತ್ತಾರೆ. ಒಂದು ಪೆಸಿಫಿಕ್ ಸಾಗರದ ದ್ವೀಪದ್ದು, ಇನ್ನೊಂದು ಪಶ್ಚಿಮ ಆಫ್ರಿಕಾದ್ದು. ಹೂವೇ ಬೇಕೆಂದರೆ ಚಪ್ಪಟೆ ಮುಖದ, ವರ್ಷವಿಡೀ ಅರಳುವ ಗಿಡವೊಂದನ್ನು ಕುಂಡದಲ್ಲಿ ಕೊಡುತ್ತಾರೆ. ಅದೂ ಇಂಪೇಷನ್ಸೇ, ಆದರೆ ಪೂರ್ವ ಆಫ್ರಿಕಾದ ಇಂಪೇಷನ್ಸ್ ವಾಲೆರಿಯಾನ. 1960ರ ದಶಕದಲ್ಲಿ ಕ್ಲಾಡ್ ಹೋಪ್ ಎಂಬ ಅಮೆರಿಕದ ತೋಟಗಾರಿಕಾ ತಜ್ಞ ಕೋಸ್ಟರಿಕಾದಲ್ಲಿ ಕುಳಿತು ಅದನ್ನು ಗಿಡ್ಡ ತಳಿಯಾಗಿ ಒಗ್ಗಿಸಿದ ಮೇಲೆ ಲೋಕದ ನೆರಳು ತೋಟಗಳನ್ನೆಲ್ಲ ಅದು ಆಕ್ರಮಿಸಿತು. ನೀಲಗಿರಿ, ಮುನ್ನಾರ್ ಕಡೆಯ ತೇವದ ಕಾಡಂಚುಗಳಲ್ಲಿ ಈಗ ಅದು ತಾನಾಗಿ ಹಬ್ಬಿಕೊಂಡು ಬೆಳೆಯುತ್ತಿದೆ. ಕರ್ಣಕುಂಡಲಗಳ ತವರಿಗೇ ಹೊರಗಿನ ಕರ್ಣಕುಂಡಲ ಬಂದು ಕೂತಿದೆ.

ಎದುರು ದಿಕ್ಕಿನ ಕಥೆಯೂ ಇದೆ. ಹಿಮಾಲಯದ ಇಂಪೇಷನ್ಸ್ ಗ್ಲಾಂಡುಲಿಫೆರಾವನ್ನು ಅದರ ಚೆಲುವಿಗೆ ಮರುಳಾಗಿ 1839ರಲ್ಲಿ ಬ್ರಿಟನ್ನಿಗೆ ಒಯ್ದರು. ಆಳೆತ್ತರ ಬೆಳೆದು ಅಲ್ಲಿನ ಹೊಳೆದಂಡೆಗಳನ್ನು ತುಂಬಿಕೊಂಡ ಅದನ್ನು ಕೀಳಲು ಇಂದಿಗೂ ಜನ ಗುಂಪು ಕಟ್ಟಿಕೊಂಡು ಹೋಗುತ್ತಾರೆ. ತವರಿನಲ್ಲಿ ತಗ್ಗಿಬಗ್ಗಿ ನಡೆಯುವ ಗಿಡ ಪರಸ್ಥಳದಲ್ಲಿ ಹೇಗೆ ವರ್ತಿಸುತ್ತದೆಂದು ಮೊದಲೇ ಹೇಳಲಾಗದು. ಹಾಗಾಗಿ ಆಯಾ ಊರಿನ ನೆರಳಿಗೆ ಆಯಾ ಊರಿನ ಗಿಡವೇ ಆಗಬೇಕು ಎಂಬುದು ನನ್ನ ನಿಲುವು.

ಕರ್ಣಕುಂಡಲಗಳ ವೈವಿಧ್ಯ ಎಷ್ಟು ತೊಡಕಿನದೆಂದರೆ, ತಮ್ಮ ಕಾಲದ ದೊಡ್ಡ ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹೂಕರ್ ಬದುಕಿನ ಕೊನೆಯ ವರ್ಷಗಳನ್ನು ಇವುಗಳಿಗೇ ಮೀಸಲಿಟ್ಟರು. 1911ರಲ್ಲಿ 94ರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ಮೇಜಿನ ಮೇಲೆ ಇದ್ದದ್ದು ಇವೇ ಹೂಗಳ ಒಣ ಮಾದರಿಗಳು. ನೀರೇ ತುಂಬಿದ ಈ ಹೂವನ್ನು ಕಾಗದದ ನಡುವೆ ಒತ್ತಿ ಒಣಗಿಸಿದರೆ ಎಸಳುಗಳು ಒಂದಕ್ಕೊಂದು ಅಂಟಿ ಆಕಾರವೇ ಉಳಿಯುವುದಿಲ್ಲ. ಆಫ್ರಿಕಾದ ಒಂದೇ ಗಿಡಕ್ಕೆ 1868ರಲ್ಲೊಮ್ಮೆ ವಾಲೆರಿಯಾನ ಎಂದೂ 1882ರಲ್ಲಿ ಜಾಂಜಿಬಾರಿನ ಸುಲ್ತಾನನ ನೆನಪಿಗೆ ಸುಲ್ತಾನಿ ಎಂದೂ ಎರಡು ಹೆಸರಿಟ್ಟವರು ಈ ಹೂಕರ್ ಅವರೇ. ನಮ್ಮ ಉತ್ತರ ಕನ್ನಡದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದು, ಮುಂಬಯಿ ಪ್ರಾಂತ್ಯದ ಮರಗಿಡಗಳ ಮೇಲೆ 1909–11ರಲ್ಲಿ ದೊಡ್ಡ ಗ್ರಂಥ ಬರೆದ ಟಾಲ್ಬೋಟ್ ಅವರ ಹೆಸರಿನಲ್ಲೂ ಹೂಕರ್ ಒಂದು ಕರ್ಣಕುಂಡಲವನ್ನು ಗುರುತಿಸಿದರು: ಇಂಪೇಷನ್ಸ್ ಟಾಲ್ಬೋಟಿ.

ತೋಟ ಮಾಡುವವರಿಗೆ ಮುಖ್ಯವಾಗುವುದು ಇವುಗಳ ಬದುಕಿನ ರೀತಿ. ಅದರಲ್ಲಿ ದೊಡ್ಡದಾಗಿ ಮೂರು ಬಗೆ. ಕೆಲವು ಕಲ್ಲು, ಮರದ ಕಾಂಡಗಳ ಮೇಲಿನ ಪಾಚಿಯಲ್ಲಿ ಪುಟ್ಟ ಗೆಡ್ಡೆ ಇಟ್ಟುಕೊಂಡು, ಮಳೆಗಾಲಕ್ಕಷ್ಟೇ ಎಲೆ ಬಿಟ್ಟು, ನಡುವಿನಿಂದ ಹೂದಂಡು ಎತ್ತುತ್ತವೆ. ಆಗುಂಬೆ, ಕೊಡಗಿನ ಒದ್ದೆ ಬಂಡೆಗಳಲ್ಲಿ ಕಾಣುವುದು ಇವು. ಕೆಲವು ಬಯಲಿನವು, ಗುಡ್ಡದ ಹುಲ್ಲುಗಾವಲು ಮತ್ತು ಮುರಕಲ್ಲಿನ ಹಾಸಿನ ಮೇಲೆ ಬಿಸಿಲಿನಲ್ಲಿ ನಿಲ್ಲುತ್ತವೆ. ಮೂರನೆಯವು ಕಾಡಿನ ನೆಲ, ತೊರೆಯ ಅಂಚು, ರಸ್ತೆಯ ಧರೆಗಳ ಏಕವಾರ್ಷಿಕಗಳು. ಮೊದಲ ಬಗೆಯನ್ನು ಮನೆಯಲ್ಲಿ ಬದುಕಿಸುವ ಆಸೆ ಬಿಟ್ಟುಬಿಡಬೇಕು. ದಿನವಿಡೀ ಮಂಜು, ತಿಂಗಳುಗಟ್ಟಲೆ ತೊಟ್ಟಿಕ್ಕುವ ನೀರು, ಹಳೆಯ ಪಾಚಿ, ಇವನ್ನೆಲ್ಲ ಕುಂಡದಲ್ಲಿ ಹುಟ್ಟಿಸಲಾಗದು. ಕಲ್ಲಿನಿಂದ ಕಿತ್ತು ತಂದ ಗೆಡ್ಡೆ ಒಂದು ಮಳೆಗಾಲ ಹೂ ತೋರಿಸಬಹುದು, ಆಮೇಲೆ ಕೊಳೆಯುತ್ತದೆ. ಕಿತ್ತ ಜಾಗದ ಪಾಚಿಯೂ ಹೋಗಿರುತ್ತದೆ. ಅಂಥ ಅಪರೂಪದವನ್ನು ಉಳಿಸುವ ಕೆಲಸಕ್ಕೆ ಕೊಡಗಿನ ಗಡಿಯಾಚೆ ವಯನಾಡಿನಲ್ಲಿರುವ ಗುರುಕುಲ ಸಸ್ಯ ಅಭಯಧಾಮದಂಥ ತಾಣಗಳಿವೆ. 1981ರಲ್ಲಿ ವೋಲ್ಫ್‌ಗ್ಯಾಂಗ್ ಥಾಯರ್‌ಕಾಫ್ ಕಟ್ಟಿದ ಆ ತೋಟದಲ್ಲಿ ಪಶ್ಚಿಮಘಟ್ಟದ ಅಳಿವಿನಂಚಿನ ಗಿಡಗಳ ಜೊತೆ ಕರ್ಣಕುಂಡಲಗಳನ್ನೂ ಬೆಳೆಸಿ ಕಾಪಾಡುತ್ತಿದ್ದಾರೆ. ಅದಕ್ಕೆ ದಶಕಗಳ ಅನುಭವ ಬೇಕಾಯಿತು.

ನಮಗೆ ದಕ್ಕುವುದು ಮೂರನೆಯ ಬಗೆ, ಅದರಲ್ಲೂ ಎಲ್ಲೆಡೆ ಕಾಣುವ ಇಂಪೇಷನ್ಸ್ ಬಾಲ್ಸಮಿನಾ. ಒಂದೇ ಸುತ್ತಿನ ಎಸಳಿನ, ತಿಳಿಗುಲಾಬಿ ಬಣ್ಣದ ಹಳೆಯ ಗೌರಿ ಹೂ. ಬಯಲುಸೀಮೆಯ ಊರುಗಳ ಹಿತ್ತಲಲ್ಲೂ ಇದು ಸಿಗುತ್ತದೆ. ಅಂಗಡಿಯ ಪೊಟ್ಟಣಗಳಲ್ಲಿ ಬರುವುದು ಇದರದೇ ತಿದ್ದಿದ ತಳಿ, ಎಸಳ ಮೇಲೆ ಎಸಳು ತುಂಬಿದ್ದು. ನೋಡಲು ಚೆಂದವೇ, ಆದರೆ ತುಂಬಿದ ಎಸಳುಗಳ ನಡುವೆ ಚಿಟ್ಟೆಗೆ ದಾರಿ ಸಿಗುವುದಿಲ್ಲ. ಹಳ್ಳಿಯ ನೆಂಟರ ಮನೆಯಿಂದ ಒಂಟಿ ಸುತ್ತಿನ ಹೂವಿನ ಬೀಜ ತರಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಮಲೆನಾಡಿನವರಾದರೆ ನಿಮ್ಮ ತೋಟದ ಬಸಿಗಾಲುವೆಯ ಅಂಚಿನಲ್ಲಿ, ಸೊಪ್ಪಿನಬೆಟ್ಟದ ದಾರಿಯಲ್ಲಿ ಇನ್ನೂ ಎರಡು ಮೂರು ಬಗೆಯ ಕಾಡು ಕರ್ಣಕುಂಡಲ ಇದ್ದೇ ಇರುತ್ತವೆ. ಅವುಗಳಿಂದ ಹಿಡಿ ಬೀಜ ತೆಗೆದು ಮನೆಯ ಹತ್ತಿರ ಹಾಕಿಕೊಳ್ಳಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯಗಳಿಂದ ಅನುಮತಿಯಿಲ್ಲದೆ ಗಿಡವಿರಲಿ ಬೀಜವಿರಲಿ ತರುವುದು ಅಪರಾಧ. ಘಾಟಿಯಲ್ಲಿ ಕಾರು ನಿಲ್ಲಿಸಿ ಬೇರುಸಮೇತ ಕೀಳುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ಹೂ ಬಿಟ್ಟ ಏಕವಾರ್ಷಿಕವನ್ನು ಕಿತ್ತರೆ ಮುಂದಿನ ವರ್ಷದ ಬೀಜವನ್ನೂ ಕಿತ್ತಂತೆ. ಮನೆ ಮುಟ್ಟುವ ಮೊದಲೇ ಆ ಗಿಡ ಜೋತು ಬಿದ್ದಿರುತ್ತದೆ.

ಈ ಹೂವಿನ ಒಳಗೊಂದು ಜಾಣ ಏರ್ಪಾಡಿದೆ. ಅದನ್ನು ತಿಳಿದವರು ಬೀಜ ಹಿಡಿಯುವುದನ್ನೂ ಬೇಗ ಕಲಿಯುತ್ತಾರೆ. ಹೊರ ಎಸಳುಗಳಲ್ಲಿ ಒಂದು ಚೀಲದಂತೆ ಉಬ್ಬಿ ಹಿಂದಕ್ಕೆ ಸಣ್ಣ ಕೊಳವೆಯಾಗಿ ಚಾಚಿಕೊಂಡಿರುತ್ತದೆ. ಮಕರಂದ ಅದರ ತುದಿಯಲ್ಲಿ. ಕೊಳವೆ ಉದ್ದವಿದ್ದರೆ ಚಿಟ್ಟೆ, ಪತಂಗಗಳು ಬರುತ್ತವೆ, ಗಿಡ್ಡವಿದ್ದರೆ ಜೇನ್ನೊಣ. ಕೇಸರಗಳ ತಲೆಗಳು ಒಂದಕ್ಕೊಂದು ಬೆಸೆದು ಶಲಾಕಾಗ್ರದ ಮೇಲೆ ಟೋಪಿಯಾಗಿ ಕುಳಿತಿರುತ್ತವೆ. ಮೊದಲು ಪರಾಗ ಕೊಡುವ ಕೆಲಸ. ಅದು ಮುಗಿದು ಟೋಪಿ ಉದುರಿದ ಮೇಲಷ್ಟೇ ಶಲಾಕಾಗ್ರ ತೆರೆದುಕೊಂಡು ಬೇರೆ ಹೂವಿನ ಪರಾಗಕ್ಕೆ ಕಾಯುತ್ತದೆ. ಒಂದೇ ಹೂವಿನೊಳಗೆ ಕೂಡಿಕೆ ಆಗದಂತೆ ಹೀಗೆ ತಡೆ. ಆದ್ದರಿಂದ ಒಂಟಿ ಗಿಡ ಬೆಳೆಸಬೇಡಿ, ಹತ್ತಾರು ಗಿಡಗಳ ಹಿಂಡು ಇರಲಿ.

ಕಾಯಿಯ ವಿಷಯ ಮಕ್ಕಳೆಲ್ಲರಿಗೂ ಗೊತ್ತು, ಮುಟ್ಟಿದರೆ ಸಿಡಿಯುತ್ತದೆ. ಐದು ಹೋಳುಗಳ ಹಸಿ ಕಾಯಿಯ ಗೋಡೆಯಲ್ಲಿ ನೀರಿನ ಒತ್ತಡ ಬಿಗಿಯಾಗಿ ತುಂಬಿರುತ್ತದೆ. ಹೊಲಿಗೆ ಸಡಿಲವಾದ ಕ್ಷಣ ಹೋಳುಗಳು ಒಳಕ್ಕೆ ಸುರುಳಿ ಸುತ್ತಿ ಬೀಜವನ್ನು ಕೆಲವು ಅಡಿ ದೂರಕ್ಕೆ ಎಸೆಯುತ್ತವೆ, ಕಣ್ಣಿಗೆ ಸಿಗದಷ್ಟು ವೇಗದಲ್ಲಿ. ಬೀಜ ಬೇಕೆಂದರೆ ಕಾಯಿ ಉಬ್ಬಿ ಹೊಲಿಗೆಯ ಗೆರೆಗಳು ಎದ್ದು ಕಾಣುವವರೆಗೆ ಕಾಯ್ದು, ಇಡೀ ಕಾಯಿಯನ್ನು ಮುಷ್ಟಿಯೊಳಗೆ ತೆಗೆದುಕೊಂಡು ಮೆಲ್ಲಗೆ ಒತ್ತಬೇಕು. ತೆಳು ಬಟ್ಟೆಯ ಚೀಲ ಕಟ್ಟಿಡುವುದು ಇನ್ನೊಂದು ದಾರಿ. ನೆರಳಿನಲ್ಲಿ ಒಂದು ವಾರ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಒಣ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಸಲು ಬರುತ್ತದೆ.

ಇನ್ನು ನೆರಳಿನ ಮಾತು. ವಿದೇಶಿ ತೋಟಗಾರಿಕೆ ಪುಸ್ತಕಗಳು ಉತ್ತರದ ಗೋಡೆಯ ಬದಿ ಸದಾ ನೆರಳು ಎಂದು ಬರೆಯುತ್ತವೆ. ಲಂಡನ್ನಿಗೆ ಅದು ಹೆಚ್ಚುಕಡಿಮೆ ಸರಿ, ನಮಗಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನಲ್ಲಿ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಅಂದರೆ ಮನೆಯ ಉತ್ತರದ ಓಣಿಗೆ ಚಳಿಗಾಲವಿಡೀ ನೆರಳಾದರೂ ಮಳೆಗಾಲದ ಮೊದಲರ್ಧದಲ್ಲಿ ನೇರ ಬೆಳಕು ಬೀಳುತ್ತದೆ. ಕರ್ಣಕುಂಡಲ ಬೆಳೆಯುವುದು ಅದೇ ತಿಂಗಳುಗಳಲ್ಲಿ. ಡಿಸೆಂಬರಿನಲ್ಲಿ ಕತ್ತಲಾಗಿ ಕಂಡು ‘ಇಲ್ಲಿ ಏನೂ ಆಗದು’ ಎಂದು ಸಿಮೆಂಟು ಹಾಕಿಸಿಬಿಡುವ ಜಾಗವೇ ಈ ಗಿಡಕ್ಕೆ ಹೇಳಿ ಮಾಡಿಸಿದಂತಿರಬಹುದು. ಜೂನ್, ಜುಲೈಯಲ್ಲಿ ಹೋಗಿ ನೋಡಿ ತೀರ್ಮಾನಿಸಿ. ಬೆಳಗಿನ ಎರಡು ಮೂರು ಗಂಟೆಯ ಎಳೆಬಿಸಿಲು, ಉಳಿದ ಹೊತ್ತು ಮರದ ಎಲೆಗಳ ನಡುವಿನಿಂದ ಸೋಸಿ ಬರುವ ಬೆಳಕು, ಇಷ್ಟು ಸಿಕ್ಕರೆ ಸಾಕು. ಪಡುವಣದ ಬಿಸಿಲು ಬಡಿಯುವ ಕಡೆ ಗಿಡ ಮಧ್ಯಾಹ್ನ ಜೋತುಬಿದ್ದು ಸಂಜೆ ಎದ್ದು ನಿಲ್ಲುತ್ತದೆ. ದಿನವೂ ಹಾಗಾದರೆ ಸೊರಗುತ್ತದೆ. ತೀರಾ ಕತ್ತಲ ಮೂಲೆಯಲ್ಲಿ ಕಾಂಡ ಸಣಕಲಾಗಿ ಉದ್ದಕ್ಕೆ ಹೋಗಿ ಮಳೆಗೆ ಮಲಗಿಬಿಡುತ್ತದೆ. ಅಂಥಲ್ಲಿ ಎದುರಿನ ಗೋಡೆಗೆ ಸುಣ್ಣ ಬಳಿದರೂ ಬೆಳಕು ಎಷ್ಟೋ ಹೆಚ್ಚುತ್ತದೆ.

ಮಣ್ಣಿಗೆ ಧರೆಯೇ ಪಾಠ. ಅಲ್ಲಿ ನೀರು ಸದಾ ಬರುತ್ತದೆ, ಆದರೆ ಎಲ್ಲೂ ನಿಲ್ಲುವುದಿಲ್ಲ. ಸಪಾಟು ಪಾತಿಯಲ್ಲಿ ನೀರು ನಿಂತರೆ ಕಾಂಡದ ಬುಡ ಕೊಳೆತು ಗಿಡ ಒಂದೇ ರಾತ್ರಿಗೆ ಮಲಗುತ್ತದೆ. ಆದ್ದರಿಂದ ಗೋಡೆಯಿಂದ ಹೊರಗೆ ಇಳಿಜಾರಾಗಿ ಮಣ್ಣು ಏರಿಸಿ. ನಡುನಡುವೆ ಮುರಕಲ್ಲಿನ ತುಂಡುಗಳನ್ನು ಅರ್ಧ ಹೂತಿಟ್ಟರೆ ಅವು ನೀರು ಹೀರಿಕೊಂಡು ತಂಪು ಕಾಯುತ್ತವೆ, ಎರಡನೇ ವರ್ಷಕ್ಕೆ ಪಾಚಿಯೂ ಹಿಡಿಯುತ್ತದೆ. ಮಣ್ಣಿನ ಮೇಲೆ ಕೊಳೆತ ಎಲೆಗೊಬ್ಬರ ಎರಡು ಬೆರಳು ದಪ್ಪಕ್ಕೆ ಸಾಕು. ಸಗಣಿ ಗೊಬ್ಬರವನ್ನು ಪ್ರೀತಿ ಹೆಚ್ಚಾಗಿ ಸುರಿದರೆ ಎಲೆ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ, ಕಾಂಡ ಕೊಳೆಯುವುದೂ ಜಾಸ್ತಿ. ಯೂರಿಯಾ ಬೇಡವೇ ಬೇಡ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರಿಗಿಂತ ಛಾವಣಿಯಿಂದ ಹಿಡಿದ ಮಳೆನೀರು ಇದಕ್ಕೆ ಒಗ್ಗುತ್ತದೆ.

ಬಿತ್ತುವ ಹೊತ್ತನ್ನು ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳುವುದೇ ನನಗೆ ಸುಲಭ. ಜೂನ್ 7ರ ಸುಮಾರಿಗೆ ಮೃಗಶಿರಾ ಹುಟ್ಟುತ್ತದೆ. ಮಲೆನಾಡು, ಕರಾವಳಿಯವರು ಆ ಮಳೆ ಹಿಡಿದ ಮೇಲೆ ಬೀಜವನ್ನು ಮಣ್ಣಿನ ಮೇಲೆ ಉದುರಿಸಿ, ಬೀಜ ಮರೆಯಾಗುವಷ್ಟು ಮಾತ್ರ ಎಲೆಗೊಬ್ಬರದ ಪುಡಿ ಹಾಕಿದರೆ ಆಯಿತು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಕಡೆ ತೆರೆದ ಜಾಗದ ಬೀಜ ಕೊಚ್ಚಿಹೋಗುತ್ತದೆ. ಮರದ ಕೆಳಗೆ ಹಾಕಿ, ಅಥವಾ ಸಸಿ ಮಾಡಿ ನೆಡಿ. ಬೆಂಗಳೂರಿನ ಲೆಕ್ಕ ಬೇರೆ. ಇಲ್ಲಿ ಬೀಳುವುದು ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು, ಅದರಲ್ಲೂ ಜೋರು ಮಳೆ ಆಗಸ್ಟಿನಿಂದ ಅಕ್ಟೋಬರಿನವರೆಗೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೋಸಹೋಗಿ ಬಿತ್ತಿದರೆ ಮೊಳಕೆ ಬಂದು ನಡುವಿನ ಒಣ ದಿನಗಳಲ್ಲಿ ಸುಟ್ಟುಹೋಗುತ್ತದೆ. ಹಾಗಾಗಿ ಅರ್ಧ ಬೀಜ ಮೃಗಶಿರಾಕ್ಕೆ, ಉಳಿದರ್ಧ ಪುನರ್ವಸುವಿಗೆ ಹಾಕುವುದು ಜಾಣತನ. ಒಂದೆರಡು ವಾರದಲ್ಲಿ ಮೊಳಕೆ, ಸುಮಾರು ಎರಡು ತಿಂಗಳಿಗೆ ಹೂ. ಗೇಣಿಗೊಂದು ಗಿಡ ಉಳಿಸಿ. ಎಳೆ ಸಸಿಗೆ ದೊಡ್ಡ ಶತ್ರು ಬಸವನಹುಳು. ಆಫ್ರಿಕಾದ ದೈತ್ಯ ಬಸವನಹುಳು ಈಗ ಬೆಂಗಳೂರಿನಲ್ಲೂ ಮಲೆನಾಡಿನ ತೋಟಗಳಲ್ಲೂ ಇದೆ, ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಮದ್ದು. ಔಷಧಿ ಹೊಡೆದರೆ ಜೇನು, ಚಿಟ್ಟೆಗಳೂ ದೂರವಾಗುತ್ತವೆ.

ಆಗಸ್ಟಿನಲ್ಲಿ ಎಲೆಗಳನ್ನು ಕಾಂಡದವರೆಗೆ ಮೇಯ್ದ ಬೆರಳುದ್ದದ ಹುಳುವೊಂದು ಕಾಣಬಹುದು. ಹಿಂಬದಿಯಲ್ಲಿ ಕೊಂಬು, ಪಕ್ಕದಲ್ಲಿ ಕಣ್ಣಿನಂಥ ಚುಕ್ಕೆಗಳು. ಹೆದರಬೇಡಿ, ಕೊಲ್ಲಲೂ ಬೇಡಿ. ಅದು ಗಿಡುಗಪತಂಗದ ಮರಿ. ಥೆರೆಟ್ರಾ ಓಲ್ಡೆನ್‌ಲ್ಯಾಂಡಿಯೆ ಎಂಬ ಪತಂಗ ಮೊಟ್ಟೆಯಿಡಲು ಮೆಚ್ಚುವ ಗಿಡಗಳಲ್ಲಿ ಕರ್ಣಕುಂಡಲ ಮುಖ್ಯವಾದುದು. ಗಿಡದ ಹಿಂಡು ದೊಡ್ಡದಿದ್ದರೆ ಹುಳಕ್ಕೂ ಹೂವಿಗೂ ಸಾಲುತ್ತದೆ. ಆಫ್ರಿಕಾದ ಗಿಡವನ್ನು ಕುಂಡಗಳಲ್ಲಿ ಸಾಲಾಗಿ ಜೋಡಿಸಿದ ಬಾಲ್ಕನಿಗಳಲ್ಲಿ ನಾನು ಹೂ ಕಂಡಿದ್ದೇನೆ, ಇಂಥ ಓಡಾಟ ಕಂಡಿಲ್ಲ. ಇನ್ನೊಂದು ಸಣ್ಣ ಸಂಗತಿ: ಗೌರಿ ಹೂವಿನಲ್ಲಿ ಮೆಹಂದಿಯ ಬಣ್ಣಕ್ಕೆ ಕಾರಣವಾದ ಲಾಸೋನ್ ಎಂಬ ಅಂಶ ಇದೆ. ಮನೆಯ ಮಕ್ಕಳು ಹೂ ಜಜ್ಜಿ ಉಗುರಿಗೆ ಹಚ್ಚಿಕೊಂಡರೆ ಬೈಯಬೇಡಿ.

ಎಲ್ಲಕ್ಕಿಂತ ಕಷ್ಟದ ಭಾಗ ಚಿತ್ತಾ, ಸ್ವಾತಿ ಮಳೆ ಕಳೆದ ಮೇಲೆ ಶುರುವಾಗುತ್ತದೆ. ಗಿಡ ಹಳದಿಯಾಗಿ, ಕರಗಿ, ಮಣ್ಣಿಗೆ ಸೇರುತ್ತದೆ. ನವೆಂಬರಿನಿಂದ ಮೇ ಕೊನೆಯವರೆಗೆ ಅಲ್ಲಿ ಕಾಣಲು ಏನೂ ಇರುವುದಿಲ್ಲ. ಖಾಲಿ ನೆಲ ಕಂಡರೆ ನಮ್ಮ ಕೈ ಸುಮ್ಮನಿರದು. ಅಗೆಯುತ್ತೇವೆ, ಇನ್ನೇನೋ ನೆಡುತ್ತೇವೆ, ಗುಡಿಸಿ ಚೊಕ್ಕಟ ಮಾಡುತ್ತೇವೆ. ಅಂಗಳ ಗುಡಿಸಿ ನೀರು ಚಿಮುಕಿಸುವುದು ನಮ್ಮಲ್ಲಿ ಮನೆಯ ಮರ್ಯಾದೆಯ ವಿಷಯ. ಮಲೆನಾಡಿನಲ್ಲಂತೂ ಮಳೆ ನಿಂತ ಕೂಡಲೇ ಅಡಿಕೆ ಒಣಗಿಸಲು ಅಂಗಳ ಕೆತ್ತಿ ಸಗಣಿ ಸಾರಿಸುತ್ತಾರೆ. ಆ ಪದ್ಧತಿ ಅಂಗಳಕ್ಕಿರಲಿ. ಈ ಒಂದು ಮೂಲೆಯನ್ನು ಮಾತ್ರ ಪೊರಕೆ, ಗುದ್ದಲಿ ಎರಡರಿಂದಲೂ ಬಿಡಿಸಿಕೊಡಬೇಕು, ಏಕೆಂದರೆ ಆ ಏಳು ತಿಂಗಳು ಮಣ್ಣಿನ ಮೇಲ್ಪದರದಲ್ಲಿರುವ ಬೀಜವೇ ಗಿಡ. ಉದುರಿದ ದರಗು ಅದರ ಮೇಲೆ ಹಾಗೇ ಬೀಳಲಿ, ಮುಂದಿನ ಮಳೆಗೆ ಅದೇ ಗೊಬ್ಬರ. ರಸ್ತೆ ಅಗಲೀಕರಣಕ್ಕೆ ಧರೆಗಳು ಉರುಳುತ್ತಿವೆ, ತೋಟಗಳಲ್ಲಿ ಕಳೆನಾಶಕದ ಬಳಕೆ ಹಬ್ಬುತ್ತಿದೆ. ಕರ್ಣಕುಂಡಲಗಳು ಸೋಲುವುದು ಹೂಬಿಟ್ಟ ತಿಂಗಳುಗಳಲ್ಲಷ್ಟೇ ಅಲ್ಲ, ಕಣ್ಣಿಗೆ ಕಾಣದೆ ಮಣ್ಣಿನಲ್ಲಿರುವ ಈ ತಿಂಗಳುಗಳಲ್ಲೂ ಹೌದು.

ಬೋಳು ನೆಲ ನೋಡಲಾಗದವರು ಜೊತೆಗೆ ಗೆಡ್ಡೆಯ ಗಿಡಗಳನ್ನು ದೂರದೂರಕ್ಕೆ ನೆಡಬಹುದು. ಕಾಡು ಅರಿಶಿನ ಮಳೆಗೆ ಮೊದಲು ಹೂ ಕೊಡುತ್ತದೆ, ಚಂಗಲಕೋಷ್ಟ ಹಿಂದೆ ಎತ್ತರಕ್ಕೆ ನಿಲ್ಲುತ್ತದೆ. ಮರದ ಕವಲಿನಲ್ಲಿ ಮರಕೆಸು ಇದ್ದರೆ ಪತ್ರೊಡೆಗೂ ಆಯಿತು. ಜರೀಗಿಡಗಳು ಮುರಕಲ್ಲಿನ ಸಂದಿಯಲ್ಲಿ ತಾವಾಗಿಯೇ ಬರುತ್ತವೆ. ಆದರೆ ನೆಲ ಮುಚ್ಚಿ ಹಬ್ಬುವ ವೆಡೇಲಿಯಾದಂಥದನ್ನು ಮಾತ್ರ ಹತ್ತಿರ ಸೇರಿಸಬೇಡಿ. ಅದು ಹಾಸಿಕೊಂಡ ಕಡೆ ಬೀಜ ಮೊಳೆಯಲು ಬೆಳಕೇ ಸಿಗುವುದಿಲ್ಲ.

ಎರಡನೇ ವರ್ಷದಿಂದ ನೀವು ಬಿತ್ತುವ ಕೆಲಸ ಇಲ್ಲ, ಗುರುತಿಸುವ ಕೆಲಸ ಮಾತ್ರ. ಮೊದಲ ಮಳೆಗೆ ಕಳೆಯ ಜೊತೆ ಕರ್ಣಕುಂಡಲವೂ ಏಳುತ್ತದೆ, ಕಳೆ ಕೀಳುವ ಅವಸರದಲ್ಲಿ ಅದನ್ನೂ ಕಿತ್ತುಬಿಡುವವರೇ ಹೆಚ್ಚು. ದಪ್ಪನೆಯ, ದುಂಡಗಿನ ಎರಡು ಬೀಜದೆಲೆ, ನೀರು ತುಂಬಿದ ತಿಳಿ ಕಾಂಡ, ಮೂರನೆಯ ಎಲೆಯಿಂದಲೇ ಅಂಚಿನಲ್ಲಿ ಗರಗಸದ ಹಲ್ಲು, ಇಷ್ಟು ನೆನಪಿದ್ದರೆ ತಪ್ಪುವುದಿಲ್ಲ. ನಾಲ್ಕು ಎಲೆ ಬರುವವರೆಗೆ ಯಾವುದನ್ನೂ ಕೀಳದೆ ಕಾಯಿರಿ. ಆಮೇಲೆ ಒತ್ತಾಗಿ ಬಂದ ಸಸಿಗಳನ್ನು ಮೋಡ ಕವಿದ ಸಂಜೆ ಮಣ್ಣಿನ ಹೆಂಟೆಸಮೇತ ಎತ್ತಿ, ಬಾಳೆ ಎಲೆಯ ತುಂಡಿನಲ್ಲಿ ಸುತ್ತಿ, ಅದೇ ದಿನ ನೆಡುವಂತೆ ಹೇಳಿ ಪಕ್ಕದ ಮನೆಯವರಿಗೆ ಕೊಡಿ.